ಅಪ್ಪನ ವರ್ಗ, ಮಗಳ ವರ್ಗ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆಲ್ಲ ಲೆಕ್ಕ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿದೆ. ಅದರಿಂದ ನಮಗೆ ಅನುಕೂಲವೇ ಆಗಿರುವುದರಿಂದ ನಾವು ಯಾರೂ ಅದನ್ನು ತಿದ್ದಲು ಹೋಗಿಲ್ಲ. ನನಗೆ ಹೆಣ್ಣು ಕೊಡುವಾಗ ನಮ್ಮ ಮಾವನವರು, ಹುಡುಗನ ಬಣ್ಣ ಸ್ವಲ್ಪ ಕಡಿಮೆಯಾದರೂ ಲೆಕ್ಕದಲ್ಲಿ ಗಟ್ಟಿಗ ಎಂದು ನೆಂಟರ ಮುಂದೆ ಹೇಳಿಕೊಂಡಿದ್ದರಂತೆ. ಪಾಪ, ಕೊನೆಯವರೆಗೂ ಹಾಗೆಯೇ ನಂಬಿದ್ದರು. ನಿಜ ಹೇಳಬೇಕೆಂದರೆ ನಮ್ಮ ಕಾಲದ ಬ್ಯಾಂಕಿನವನಿಗೆ ಬೇಕಾಗಿದ್ದದ್ದು ಕೂಡುವುದು ಮತ್ತು ಕಳೆಯುವುದು, ಎರಡೇ. ಗುಣಿಸುವ ಕೆಲಸವನ್ನು ಬಡ್ಡಿಯ ಕೋಷ್ಟಕ ನೋಡಿಕೊಳ್ಳುತ್ತಿತ್ತು. ಭಾಗಿಸುವ ಪ್ರಸಂಗ ಅರ್ಧವಾರ್ಷಿಕ ಲೆಕ್ಕ ಮುಗಿಸುವಾಗ ಬಂದರೂ ಅದಕ್ಕೆ ಚುರುಕಾದ ಒಬ್ಬ ಗುಮಾಸ್ತ ಪ್ರತಿ ಶಾಖೆಯಲ್ಲೂ ಇದ್ದೇ ಇರುತ್ತಿದ್ದ. ಇನ್ನು ಎಕ್ಸ್ ಎಂಬ ಅಕ್ಷರವನ್ನು ನಾವು ಬಳಸುತ್ತಿದ್ದದ್ದು, ಸಾಲಗಾರ ಎಲ್ಲಿ ಸಹಿ ಹಾಕಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಮಾಡುವುದಕ್ಕೆ ಮಾತ್ರ. ಆ ಎಕ್ಸ್‌ನ ಬೆಲೆ ಎಷ್ಟು ಎಂದು ಯಾವ ಸಾಲಗಾರನೂ ನನ್ನನ್ನು ಕೇಳಿರಲಿಲ್ಲ. ಕೇಳಿದವಳು ನನ್ನ ಮಗಳು ಸುಮಾ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾವು ಆಗ ವಿಶಾಖಪಟ್ಟಣದಲ್ಲಿದ್ದೆವು. ದ್ವಾರಕಾ ನಗರದ ಹಿಂದಿನ ಒಂದು ಬೀದಿಯಲ್ಲಿ, ಅಪ್ಪಾರಾವುಗಾರು ಎಂಬ ನಿವೃತ್ತ ರೈಲ್ವೆ ನೌಕರರ ಮನೆಯ ಮಹಡಿಯ ಮೇಲೆ ನಮ್ಮ ಬಿಡಾರ. ಬ್ಯಾಂಕಿನವನ ಸಂಸಾರಕ್ಕೆ ಮನೆ ಎಂಬ ಮಾತು ಸಲ್ಲದು, ಬಿಡಾರವೇ ಸರಿ. ಹಾಸನದಲ್ಲಿ ಹಾಯಾಗಿದ್ದವನನ್ನು ಬಡ್ತಿ ಕೊಟ್ಟು ವಿಜಯವಾಡಕ್ಕೆ ಎತ್ತಿಹಾಕಿದರು. ಅಲ್ಲಿನ ಬಿಸಿಲಿಗೆ ಒಗ್ಗಿಕೊಂಡು, ಕಾಲುವೆ ದಂಡೆಯ ಮೇಲೆ ಸಂಜೆ ಓಡಾಡುವ ಅಭ್ಯಾಸ ಮಾಡಿಕೊಂಡು, ಗೋಂಗೂರ ಚಟ್ನಿಗೆ ನಾಲಿಗೆ ಹೊಂದಿಕೊಳ್ಳುವ ಹೊತ್ತಿಗೆ ಅಲ್ಲಿಂದ ವಿಶಾಖಪಟ್ಟಣಕ್ಕೆ ಎತ್ತಿದರು. ನಮ್ಮ ಕಡೆ ಇದಕ್ಕೆಲ್ಲ ವರ್ಗ ಎಂದು ಹೆಸರು. ವರ್ಗ ಆಯಿತು, ವರ್ಗ ಬಂತು, ವರ್ಗ ಮಾಡಿಬಿಟ್ಟರು. ಜ್ವರ ಬಂತು ಎನ್ನುವ ಧಾಟಿಯಲ್ಲೇ ಈ ಮಾತನ್ನು ನಾವು ಆಡುತ್ತಿದ್ದೆವು.

ಸುಮಾ ತೆಲುಗು ಕಲಿತದ್ದು ವಿಜಯವಾಡದ ಬೀದಿಯಲ್ಲಿ, ಆಟವಾಡುತ್ತ. ಎರಡು ವರ್ಷದಲ್ಲಿ ಅವಳ ಕನಸು, ಜಗಳ, ಗುಟ್ಟು ಎಲ್ಲವೂ ತೆಲುಗಿಗೆ ಹೋಗಿಬಿಟ್ಟವು. ಕನ್ನಡಕ್ಕೆ ಉಳಿದದ್ದು ಊಟ ಮತ್ತು ಬೈಗುಳ. ಅದೂ ಬೈಸಿಕೊಳ್ಳುವುದು ಮಾತ್ರ. ಬೈಗುಳಕ್ಕೆ ಉತ್ತರ ಕೊಡುವಾಗ ಅವಳು ತೆಲುಗಿಗೆ ತಿರುಗುತ್ತಿದ್ದಳು, ನಾವು ತಡಬಡಾಯಿಸುತ್ತಿದ್ದೆವು. ಅವಳ ಒಂಬತ್ತನೇ ತರಗತಿಯ ನಡುವೆ, ದಸರಾ ರಜೆಯಲ್ಲಿ, ನಾವು ವಿಶಾಖಪಟ್ಟಣಕ್ಕೆ ಬಂದೆವು. ವಿಜಯವಾಡದ ಶಾಲೆಯ ಲೆಕ್ಕದ ಮೇಷ್ಟ್ರು ರೇಖಾಗಣಿತದ ಅಭಿಮಾನಿ. ಬೀಜಗಣಿತದ ಅಪವರ್ತನವನ್ನು ಸಂಕ್ರಾಂತಿ ಆದಮೇಲೆ ಮಾಡೋಣ ಎಂದು ಮುಂದಕ್ಕೆ ಹಾಕಿದ್ದರು. ವಿಶಾಖಪಟ್ಟಣದ ಶಾಲೆಯ ಮೇಷ್ಟ್ರು ಅದನ್ನು ದಸರಾಕ್ಕೆ ಮುಂಚೆಯೇ ಮುಗಿಸಿ ಕೈತೊಳೆದುಕೊಂಡಿದ್ದರು. ಅಲ್ಲಿ ಇನ್ನೂ ಬಂದಿರಲಿಲ್ಲ, ಇಲ್ಲಿ ಆಗಲೇ ಹೋಗಿತ್ತು. ರಾಜಮಹೇಂದ್ರಿಯಲ್ಲಿ ರೈಲು ಗೋದಾವರಿ ಸೇತುವೆ ದಾಟುವಾಗ ಡಬ್ಬಿಯ ಜನರೆಲ್ಲ ಕಿಟಕಿಯಿಂದ ನದಿಗೆ ಕಾಸು ಹಾಕಿ ಕೈಮುಗಿದರು. ನಮ್ಮ ಹುಡುಗಿ ಅಪವರ್ತನವನ್ನೇ ಹಾಕಿಬಿಟ್ಟಿದ್ದಳು ಎಂದು ನಮಗೆ ಆಗ ಗೊತ್ತಾಗಲಿಲ್ಲ.

ಗೊತ್ತಾದದ್ದು ಹತ್ತನೇ ತರಗತಿಯ ಕ್ವಾರ್ಟರ್ಲಿ ಪರೀಕ್ಷೆಯ ಲೆಕ್ಕದ ಅಂಕ ಬಂದಾಗ. ಆ ಅಂಕವನ್ನು ಇಲ್ಲಿ ಬರೆಯುವುದಿಲ್ಲ. ಸುಮಾ ಈಗ ದೊಡ್ಡವಳಾಗಿದ್ದಾಳೆ, ಅವಳಿಗೂ ಮಕ್ಕಳಿವೆ. ನಾನು ಉತ್ತರ ಪತ್ರಿಕೆ ನೋಡಿ, ಇವಳಿಗೆ ಅಪವರ್ತನ ಬರುವುದೇ ಇಲ್ಲವಲ್ಲ ಎಂದೆ. ನನ್ನ ಹೆಂಡತಿ ಜಯ ಒಳಗಿನಿಂದ, ಬರದೇ ಇದ್ದರೆ ಒಳ್ಳೆಯದೇ ಅಲ್ಲವೇ, ಹೆಣ್ಣುಮಗು ಎಂದಳು. ಅವಳು ಅದನ್ನು ದುರ್ವರ್ತನೆಯ ಒಂದು ಬಗೆ ಎಂದುಕೊಂಡಿದ್ದಳು. ವಿಷಯ ತಿಳಿದಮೇಲೆ ಗಂಭೀರಳಾದಳು. ಹಾಸನದಲ್ಲಿ ಅವಳ ಅಣ್ಣ ಹೈಸ್ಕೂಲು ಹೆಡ್‌ಮಾಸ್ತರು. ಅರ್ಧವಾರ್ಷಿಕದಲ್ಲೂ ಹೀಗೆಯೇ ಆದರೆ ಇಲ್ಲಿ ಕೂತು ಹುಡುಗಿಯನ್ನು ಫೇಲು ಮಾಡಿಸುವುದು ಬೇಡ, ನೀವು ಹೇಗಾದರೂ ಮಾಡಿ ಹಾಸನಕ್ಕೆ ವರ್ಗ ಹಾಕಿಸಿಕೊಳ್ಳಿ, ಅವಳು ಮಾವನ ಕಣ್ಣೆದುರಿಗೆ ಓದಲಿ ಎಂದಳು. ನನಗೂ ಅದು ಹಿತವಾಗಿಯೇ ಕೇಳಿಸಿತು. ನನಗೆ ಹಾಸನದ ಹುಚ್ಚು ಇತ್ತು. ಬೋರ್ಡುಗಳನ್ನು ತುಟಿ ಅಲ್ಲಾಡಿಸದೆ ಓದಬಹುದಾದ ಬೀದಿ, ಅಂದಿನದನ್ನು ಅಂದೇ ಓದಲು ಸಿಗುವ ಕನ್ನಡ ಪತ್ರಿಕೆ, ತರಕಾರಿಯವಳ ಜೊತೆ ಸಲೀಸಾಗಿ ಚೌಕಾಸಿ ಮಾಡುವ ಸುಖ, ಇವುಗಳಿಗಾಗಿ ಪ್ರತಿವರ್ಷ ಒಂದು ಅರ್ಜಿ ಹಾಕುತ್ತಲೇ ಇದ್ದೆ.

ಸುಮಾಳ ಮುಖ ಮಾತ್ರ ಬಿಳಿಚಿಕೊಂಡಿತು. ಅದುವರೆಗೆ ನಾಲ್ಕು ಶಾಲೆ ಕಂಡ ಹುಡುಗಿ ಅದು. ಪ್ರತಿ ಶಾಲೆಯಲ್ಲೂ ಮೊದಲ ತಿಂಗಳು ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂತು, ಮೆಲ್ಲಗೆ ಒಬ್ಬ ಗೆಳತಿಯನ್ನು ಸಂಪಾದಿಸಿಕೊಂಡು, ಆ ಗೆಳೆತನ ಮನೆಗೆ ಬಂದುಹೋಗುವಷ್ಟು ಬೆಳೆಯುವಾಗ ನಾವು ಸಾಮಾನು ಕಟ್ಟುತ್ತಿದ್ದೆವು. ಇಲ್ಲಿ ಅವಳಿಗೆ ಅನುರಾಧ ಎಂಬ ಗೆಳತಿ ಸಿಕ್ಕಿದ್ದಳು. ಇಬ್ಬರೂ ಒಂದೇ ಕಾಲೇಜಿಗೆ ಹೋಗುವುದೆಂದು ಆಗಲೇ ಮಾತಾಗಿತ್ತು. ಅವಳ ಮುಖ ನೋಡಲಾರದೆ ನಾನು ಒಂದು ಮಾತು ಕೊಟ್ಟುಬಿಟ್ಟೆ. ಲೆಕ್ಕದಲ್ಲಿ ಪಾಸಾಗು, ನಾವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇವೆ ಎಂದೆ. ಕೊಡುವಾಗ ಅದು ಸಣ್ಣ ಮಾತಿನ ಹಾಗೇ ಕಂಡಿತ್ತು.

ಮೊದಲು ಟ್ಯೂಷನ್ನಿಗೆ ಕಳಿಸಿದೆವು. ನಮ್ಮ ಮನೆಯ ಹತ್ತಿರವೇ ಒಬ್ಬ ಪ್ರಸಿದ್ಧ ಮೇಷ್ಟ್ರಿದ್ದರು. ಒಂದೇ ಹಾಲಿನಲ್ಲಿ ಒಂದು ಮದುವೆಗೆ ಸಾಕಾಗುವಷ್ಟು ಮಕ್ಕಳು. ಅವರು ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ, ತಿರುಗಿ, ಅರ್ಥಮಯಿಂದಾ ಎನ್ನುವರಂತೆ. ಅಷ್ಟೂ ಮಕ್ಕಳು ರಾಗವಾಗಿ ಅಯಿಂದಿ ಸಾರ್, ಅರ್ಥವಾಯಿತು ಎನ್ನುವವಂತೆ. ಸುಮಾ ಆ ರಾಗವನ್ನು ಬಹಳ ಬೇಗ ಕಲಿತಳು. ಬೇರೆ ಏನೂ ಕಲಿತಂತೆ ಕಾಣಲಿಲ್ಲ. ಕೊನೆಗೆ ಜಯ ನನ್ನ ಕಡೆ ತಿರುಗಿ, ಮನೆಯಲ್ಲೇ ಬ್ಯಾಂಕ್ ಆಫೀಸರು ಇಟ್ಟುಕೊಂಡು ಹೊರಗೆ ಯಾಕೆ ದುಡ್ಡು ಸುರಿಯಬೇಕು, ನೀವೇ ಹೇಳಿಕೊಡಿ ಎಂದಳು. ನನಗೆ ಬರುವುದಿಲ್ಲ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಮಾವನವರ ನಂಬಿಕೆ ಅವರ ಮಗಳಲ್ಲೂ ಇನ್ನೂ ಸ್ವಲ್ಪ ಉಳಿದಿತ್ತು. ಗಂಡನಾದವನಿಗೆ ಅಂಥ ಆಸ್ತಿಗಳು ಹೆಚ್ಚಾಗಿ ಇರುವುದಿಲ್ಲ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸುಮಾ ಓದುತ್ತಿದ್ದದ್ದು ಇಂಗ್ಲಿಷಿನಲ್ಲಿ, ಗೆಳತಿಯರೊಡನೆ ಚರ್ಚಿಸುತ್ತಿದ್ದದ್ದು ತೆಲುಗಿನಲ್ಲಿ. ನಾನು ಸಾಲ ವಸೂಲಿಯನ್ನು ಯಾವ ಭಾಷೆಯಲ್ಲಿ ಬೇಕಾದರೂ ಮಾಡಬಲ್ಲೆ. ಬೀಜಗಣಿತ ಮಾತ್ರ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ನನ್ನ ಬಾಯಿಗೆ ಬರುವುದಿಲ್ಲ. ಸರಿ, ಒಂದು ಸಂಜೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ನೋಡಮ್ಮ, ಇದು ಮೊದಲನೇ ಪದ, ಇದು ಮಧ್ಯದ ಪದ ಎಂದು ಆರಂಭಿಸಿದೆ. ನಾನು ಪದ ಎಂದಕೂಡಲೇ ಹುಡುಗಿ ಎದ್ದು ನಿಂತಳು. ತೆಲುಗಿನಲ್ಲಿ ಪದ ಎಂದರೆ ನಡೆ, ಹೊರಡೋಣ ಎಂದರ್ಥ. ಅನುರಾಧ ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತು ಕೂಗುವುದು ಅದನ್ನೇ. ಕೂರಿಸಿದೆ. ಈ ಸಮೀಕರಣದ ಮೂಲ ಎಲ್ಲಿದೆ ಕಂಡುಹಿಡಿಯಬೇಕು ಎಂದೆ. ಅವಳು ಕೋಣೆಯ ಮೂಲೆಗಳನ್ನೆಲ್ಲ ನೋಡಿದಳು. ತೆಲುಗಿನವರು ಮೂಲೆಗೇ ಮೂಲ ಎನ್ನುತ್ತಾರೆ. ಪರೀಕ್ಷೆಯಲ್ಲಿ ಮೂಲ ಸಿಗದೆ ಮೂಲೆ ಸೇರಿದವರು ನಮ್ಮ ತರಗತಿಯಲ್ಲೂ ಇದ್ದರು, ಆದ್ದರಿಂದ ಅದು ತೀರಾ ತಪ್ಪೇನೂ ಅಲ್ಲ ಎಂದುಕೊಂಡೆ.

ಸುಲಭದ ಲೆಕ್ಕಗಳಲ್ಲಿ ನನ್ನ ಮರ್ಯಾದೆ ಹೇಗೋ ಉಳಿಯಿತು. ಎಕ್ಸ್ ವರ್ಗ, ಐದು ಎಕ್ಸ್, ಆರು. ಗುಣಿಸಿದರೆ ಆರು ಬರಬೇಕು, ಕೂಡಿದರೆ ಐದು ಬರಬೇಕು, ಯಾವ ಎರಡು ಸಂಖ್ಯೆ? ಎರಡು ಮತ್ತು ಮೂರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪುಟ ತಿರುಗಿಸಿದರೆ ಎಕ್ಸ್ ವರ್ಗದ ಮುಂದೆಯೇ ಒಂದು ಆರು ಬಂದು ನಿಂತಿತ್ತು, ಮಧ್ಯದಲ್ಲಿ ಮೈನಸ್ ಎಕ್ಸ್, ಕೊನೆಗೆ ಮೈನಸ್ ಹದಿನೈದು. ನಾನು ಗಂಟಲು ಸರಿಮಾಡಿಕೊಂಡು, ಇದನ್ನು ನಾಳೆ ನೋಡೋಣ, ಇವತ್ತಿಗೆ ಇಷ್ಟು ಸಾಕು, ತಲೆಗೆ ಭಾರವಾಗಬಾರದು ಎಂದೆ. ಯಾರ ತಲೆಗೆ ಎಂದು ಅವಳು ಕೇಳಲಿಲ್ಲ. ಮರುದಿನ ಬ್ಯಾಂಕಿನಿಂದ ಬರುವಾಗ ಗುಟ್ಟಾಗಿ ಒಂದು ಗೈಡು ಕೊಂಡೆ. ನಮ್ಮ ಶಾಖೆ ಸಿಂಹಾಚಲದ ಬೆಟ್ಟದ ಕೆಳಗೆ. ಹೋಗಿಬರುವ ಸಿಟಿ ಬಸ್ಸಿನಲ್ಲಿ ಗೈಡನ್ನು ಎರಡು ದಿನದ ಹಳೆಯ ಕನ್ನಡ ಪತ್ರಿಕೆಯೊಳಗೆ ಇಟ್ಟುಕೊಂಡು ಓದತೊಡಗಿದೆ. ಬಸ್ಸಿನ ತುಂಬ ಆ ಬೆಟ್ಟದ ದೇವರು ಅಪ್ಪನ್ನಸ್ವಾಮಿಯ ದರ್ಶನಕ್ಕೆ ಹೋಗುವ ಭಕ್ತರು. ನಾನು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುವುದನ್ನು ನೋಡಿ ಒಬ್ಬ ಮುದುಕಿ ಗೌರವದಿಂದ ಜರುಗಿ ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು. ನಾನು ಸೀಟನ್ನೂ ಪುಣ್ಯವನ್ನೂ ಒಟ್ಟಿಗೆ ತೆಗೆದುಕೊಂಡೆ.

ಹೀಗೆ ಬಸ್ಸಿನಲ್ಲಿ ಕಲಿತದ್ದನ್ನು ಸಂಜೆ ಮೇಜಿನ ಮೇಲೆ ಹುಟ್ಟಾ ಬಲ್ಲವನ ಹಾಗೆ ಹೇಳಿಕೊಡುತ್ತಿದ್ದೆ. ನಿಧಾನವಾಗಿ ಒಂದು ಪದ್ಧತಿ ಕೈಗೆ ಹತ್ತಿತು. ಒಂದು ಸಂಜೆ ಆ ಆರು ಎಕ್ಸ್ ವರ್ಗದ ಲೆಕ್ಕವನ್ನೇ ಎದುರಿಗೆ ಇಟ್ಟುಕೊಂಡೆ. ಪುಸ್ತಕದವರು ಅದನ್ನು ಈ ಸಲ ಬೇರೆ ವೇಷದಲ್ಲಿ ಕಳಿಸಿದ್ದರು. ಎಕ್ಸ್ ವರ್ಗದ ಪದವೊಂದು ಎಡಗಡೆ, ಉಳಿದದ್ದೆಲ್ಲ ಬಲಗಡೆ. ಕಲಿಸುವ ಉತ್ಸಾಹದಲ್ಲಿ ನನ್ನ ಧ್ವನಿ ಏರುತ್ತದೆ. ಅದು ಕೌಂಟರಿನ ಗದ್ದಲದಲ್ಲಿ ಬಂದ ಅಭ್ಯಾಸ. ವರ್ಗ ಬಂದಕೂಡಲೇ ಮೊದಲು ಏನು ಮಾಡಬೇಕು ಎಂದು ಕೇಳಿದೆ. ಎಲ್ಲವನ್ನೂ ಒಂದು ಕಡೆಗೆ ಸಾಗಿಸಬೇಕು, ಒಂದು ಚೂರೂ ಬಿಡಬಾರದು, ಇಲ್ಲಿ ಸೊನ್ನೆ ಉಳಿಯಬೇಕು, ಸೊನ್ನೆ ಎಂದು ಮೇಜು ಕುಟ್ಟಿದೆ. ಆಮೇಲೆ ಮಧ್ಯದ್ದನ್ನು ಎರಡು ಮಾಡು, ಒಂದು ಪಾಲು ಆಚೆಯವರ ಜೊತೆ, ಒಂದು ಪಾಲು ಈಚೆಯವರ ಜೊತೆ, ಇನ್ನು ಬೇರೆ ದಾರಿಯೇ ಇಲ್ಲ ಎಂದೆ. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಪಕ್ಕದ ಮನೆ ಎಂದರೆ ಗೋಡೆಯ ಆಚೆ. ಅಲ್ಲಿ ಇದ್ದವರು ನಮ್ಮ ಶಾಖೆಯ ಗುಮಾಸ್ತ ದೇಶಪಾಂಡೆ ಮತ್ತು ಅವರ ಹೆಂಡತಿ ಪದ್ಮಕ್ಕ. ಧಾರವಾಡದ ಕಡೆಯವರು, ಬಹಳ ಒಳ್ಳೆಯ ಜನ. ಆ ಬೀದಿಯಲ್ಲಿ ನಾವು ಎರಡೇ ಕನ್ನಡದ ಮನೆ. ತೆಲುಗಿನವರು ವರ್ಗಕ್ಕೆ ಬದಿಲಿ ಎನ್ನುತ್ತಾರೆ. ಆದ್ದರಿಂದ ಆ ಸಂಜೆ ಗೋಡೆಯ ಆಚೆ ಯಾವ ತೆಲುಗರ ಸಂಸಾರ ಇದ್ದಿದ್ದರೂ ನನಗೆ ಏನೂ ಆಗುತ್ತಿರಲಿಲ್ಲ. ಇದ್ದವರು ಪದ್ಮಕ್ಕ, ಕೇಳಿಸಿದ್ದು ಕನ್ನಡ. ವರ್ಗ ಬಂದಿದೆ, ಸಾಮಾನೆಲ್ಲ ಸಾಗಿಸುತ್ತಾರೆ, ಒಂದು ಚೂರೂ ಬಿಡುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಸಂಸಾರವನ್ನು ಎರಡು ಪಾಲು ಮಾಡುತ್ತಾರೆ. ಪದ್ಮಕ್ಕನ ಕೈಯಿಂದ ಬಿದ್ದದ್ದು ಆಗ ತಾನೇ ಕಲಸಿದ್ದ ಜೋಳದ ಹಿಟ್ಟಿನ ಪರಾತವಂತೆ.

ಮರುದಿನ ನಾನು ಶಾಖೆಗೆ ಹೋದರೆ ಎಲ್ಲರೂ ನನ್ನ ಕಡೆ ಒಂದು ಬಗೆಯ ಮರುಕದಿಂದ ನೋಡುತ್ತಿದ್ದಾರೆ. ಮ್ಯಾನೇಜರು ಕರೆದು, ತಮಗೆ ಗೊತ್ತಾಗದ ಹಾಗೆ ಮೇಲಿನಿಂದ ಹೇಗೆ ಮಾಡಿಸಿಕೊಂಡಿರಿ ಎಂದು ನಯವಾಗಿ ವಿಚಾರಿಸಿದರು. ನಾನು ಏನನ್ನು ಎಂದೆ. ಅವರು ಅದನ್ನು ನನ್ನ ಚಾಣಾಕ್ಷತನ ಎಂದುಕೊಂಡು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಬೀಳ್ಕೊಡುಗೆಗೆಂದು ಕಟ್ಟು ಹಾಕಿಸಿದ ಅಪ್ಪನ್ನಸ್ವಾಮಿಯ ಪಟಕ್ಕೆ ಮುಂಗಡ ಕೊಟ್ಟಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಕೊನೆಗೆ ದೇಶಪಾಂಡೆಯವರೇ ನನ್ನ ಮೇಜಿನ ಬಳಿ ಬಂದು, ತಗ್ಗಿದ ದನಿಯಲ್ಲಿ, ಅಕ್ಕಾವ್ರನ್ನ ಇಲ್ಲೇ ಬಿಟ್ಟು ಹೋಗಬ್ಯಾಡ್ರಿ ಸರ, ಮನೀ ಅಂದಮ್ಯಾಲೆ ಮಾತು ಬರ್ತಾವ ಹೋಗ್ತಾವ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ ನಗು ಬಂತು. ಎಲ್ಲರನ್ನೂ ಸೇರಿಸಿ, ಅದು ಬೀಜಗಣಿತದ ವರ್ಗ ಎಂದು ಬಿಡಿಸಿ ಹೇಳಿದೆ. ತೆಲುಗು ಸಹೋದ್ಯೋಗಿಗಳಿಗೆ ಕನ್ನಡದ ಶ್ಲೇಷೆಯನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಆರು ಎಕ್ಸ್ ವರ್ಗಕ್ಕಿಂತ ಕಷ್ಟ. ಅರ್ಧ ಜನ ನಂಬಿದರು, ಅರ್ಧ ಜನ ಪಟದ ಮುಂಗಡದ ಚಿಂತೆಗೆ ಬಿದ್ದರು.

ಆ ನಗುವನ್ನು ಮನೆಯವರೆಗೂ ತಂದೆ. ಮೆಟ್ಟಿಲು ಹತ್ತುವಾಗಲೇ ಅದು ಆರಿತು. ಪದ್ಮಕ್ಕನ ಸುದ್ದಿ ಕೆಳಗೆ ಅಪ್ಪಾರಾವುಗಾರಿಗೂ ಮುಟ್ಟಿ, ಅವರು ಹೊಸ ಬಾಡಿಗೆಯವರನ್ನು ಕರೆತಂದು ಮನೆ ತೋರಿಸುತ್ತಿದ್ದರು. ಅಪರಿಚಿತ ಹೆಂಗಸೊಬ್ಬರು ನಮ್ಮ ಅಡುಗೆಮನೆಯ ಕಪಾಟು ತೆಗೆದು, ಇದು ಚಿಕ್ಕದಾಯಿತು ಎನ್ನುತ್ತಿದ್ದರು. ಜಯ ಬಾಗಿಲ ಬಳಿ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಸುಮಾ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಕೋಣೆಯಲ್ಲಿ ಕುಳಿತಿದ್ದಳು. ಬಂದವರನ್ನು ಕ್ಷಮೆ ಕೇಳಿ ಸಾಗಹಾಕಿ ನಾನು ಒಳಗೆ ಹೋದೆ. ನಡೆದದ್ದನ್ನು ಹೇಳಿದರೆ ಅವಳೂ ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ನನ್ನ ಮುಖ ನೋಡಿ, "ನೀವು ಅಬದ್ಧ ಹೇಳಿದ್ರಿ" ಎಂದಳು.

ಕನ್ನಡದಲ್ಲಿ ಅಬದ್ಧ ಎಂದರೆ ಅರ್ಥವಿಲ್ಲದ ಮಾತು. ನಾನು ಬೀಜಗಣಿತ ಹೇಳಿಕೊಡುವ ರೀತಿಗೆ ಅದು ಒಪ್ಪುತ್ತಿತ್ತು ಕೂಡ. ಆದರೆ ತೆಲುಗಿನಲ್ಲಿ ಅಬದ್ಧ ಎಂದರೆ ಸುಳ್ಳು. ಅವಳು ಆಡಿದ್ದು ತೆಲುಗಿನ ಮಾತು. ಪಾಸಾದರೆ ಇಲ್ಲೇ ಇರುತ್ತೇವೆ ಎಂದು ಆಸೆ ಹುಟ್ಟಿಸಿ, ಒಳಗೊಳಗೇ ವರ್ಗ ಮಾಡಿಸಿಕೊಂಡಿದ್ದೇನೆ ಎಂದು ಹುಡುಗಿ ನಂಬಿದ್ದಳು. ನಾನು ಎಷ್ಟು ಹೇಳಿದರೂ ಅಳು ನಿಲ್ಲಲಿಲ್ಲ. ಕೊನೆಗೆ ಪದ್ಮಕ್ಕನೇ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ನಂದೇ ತಪ್ಪs, ಕೂಸs. ನಾ ಏನ ಕದ್ದು ಕೇಳಿಲ್ಲ, ನಿಮ್ಮಪ್ಪಾರ ದನೀನs ಅಷ್ಟು ದೊಡ್ಡದೈತಿ" ಎಂದು ಹೇಳಿದಮೇಲೆ ಅಳು ಬಿಕ್ಕಿಗೆ ಇಳಿಯಿತು. ಅಷ್ಟು ವರ್ಷ ಊರಿಂದೂರಿಗೆ ಸಾಗುವಾಗ ನಾನು ಟ್ರಂಕು, ಮಂಚ, ಗ್ಯಾಸಿನ ಸಿಲಿಂಡರು ಎಲ್ಲದರ ಚಿಂತೆ ಮಾಡಿದ್ದೆ. ಈ ಹುಡುಗಿಯ ಎದೆಯಲ್ಲಿ ಇಷ್ಟು ಹೆದರಿಕೆ ತುಂಬಿಕೊಂಡಿದೆ ಎಂದು ನನಗೆ ತಿಳಿದದ್ದು ಆ ಸಂಜೆಯೇ.

ಬೇರೇನು ಹೇಳಲೂ ತೋಚದೆ ಆ ಲೆಕ್ಕವನ್ನೇ ಮತ್ತೆ ತೆಗೆದೆ. ಸುಮಾ ಮೂಗು ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದಳು. ಬಲಗಡೆ ಸೊನ್ನೆಯೇ ಎಂದುಕು ಉಳಿಯಬೇಕು, ಏಕೆ, ಬೇರೆ ಸಂಖ್ಯೆ ಇದ್ದರೆ ಏನಾಗುತ್ತದೆ? ನನ್ನ ಗೈಡಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಒಂದು ಕ್ಷಣ ನನಗೆ ದಿಗಿಲಾಯಿತು. ಆಮೇಲೆ, ಎಲ್ಲಿಂದಲೋ, ಜೀವನದಲ್ಲಿ ಒಂದೇ ಸಲ, ಬ್ಯಾಂಕಿನ ಕೆಲಸ ನನ್ನ ಕೈಹಿಡಿಯಿತು. ನಮ್ಮ ಬ್ಯಾಂಕಿನ ಖಜಾನೆಯ ಕೋಣೆಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ ಹತ್ತಿರ, ಒಂದು ನನ್ನ ಹತ್ತಿರ. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಂದಕ್ಕೊಂದು ಗುಣಿಸಿಕೊಳ್ಳುವ ಎರಡು ಆವರಣಗಳೂ ಹಾಗೆಯೇ, ಎರಡು ಬೀಗದ ಕೈ ಇದ್ದಂತೆ ಎಂದೆ. ಬಾಗಿಲು ತೆರೆದರೆ ಯಾರು ಎಷ್ಟು ತಿರುಗಿಸಿದರೋ ಹೇಳಲಾಗುವುದಿಲ್ಲ. ತೆರೆಯಲೇ ಇಲ್ಲ, ಅಂದರೆ ಸೊನ್ನೆ, ಎಂದಾದರೆ ಮಾತ್ರ ಒಂದು ವಿಷಯ ಖಂಡಿತ ಗೊತ್ತಾಗುತ್ತದೆ.

ಸುಮಾ ಪೆನ್ಸಿಲು ಕಚ್ಚುತ್ತ ನನ್ನನ್ನೇ ನೋಡಿದಳು. "ಯಾರೋ ಒಬ್ರು ಬಂದಿಲ್ಲ" ಎಂದಳು. ಪೆನ್ಸಿಲನ್ನು ಬಾಯಿಂದ ತೆಗೆದು, "ಮ್ಯಾನೇಜರುಗಾರು ರಜಾ ಅಂದ್ರೆ ಒಂದು ಆನ್ಸರು. ನೀವು ರಜಾ ಅಂದ್ರೆ ಇನ್ನೊಂದು ಆನ್ಸರು. ಅದಕ್ಕೇ ಎರಡು ಬರ್ತಾವಾ ಅಪ್ಪ?" ಎಂದಳು.

ಅದಕ್ಕೇ ಎರಡು ಬರುತ್ತವೆ ಎಂದು ನನಗೂ ಗೊತ್ತಾದದ್ದು ಆಗಲೇ. ನಾನು ಗಾಂಭೀರ್ಯದಿಂದ ತಲೆಯಾಡಿಸಿದೆ. ಅವಳು ಎಲ್ಲವನ್ನೂ ಎಡಗಡೆಗೆ ಸಾಗಿಸಿದಳು. ಗುಣಿಸಿದರೆ ತೊಂಬತ್ತು, ಕಳೆದರೆ ಒಂದು ಎಂದು ಗೊಣಗುತ್ತ ಹತ್ತನ್ನೂ ಒಂಬತ್ತನ್ನೂ ಕಂಡುಹಿಡಿದಳು, ಮಧ್ಯದ ಪದವನ್ನು ಒಡೆದಳು, ಎರಡು ಆವರಣ ಕಟ್ಟಿದಳು. ಒಂದರಲ್ಲಿ ಮ್ಯಾನೇಜರಿಗೆ ರಜೆ ಕೊಟ್ಟಾಗ ಐದು ಬೈ ಮೂರು ಬಂತು. ಇನ್ನೊಂದರಲ್ಲಿ ನನಗೆ ರಜೆ ಕೊಟ್ಟಾಗ ಮೈನಸ್ಸು ಸೇರಿ ಮೂರು ಬೈ ಎರಡು ಬಂತು. ಪುಸ್ತಕದ ಹಿಂದಿನ ಉತ್ತರ ನೋಡಿದರೆ ಎರಡೂ ಸರಿ. ಮೈನಸ್ಸು ನನ್ನ ಪಾಲಿಗೇ ಏಕೆ ಬಂತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ಮೇಲೆ ಆ ಹುಡುಗಿ ಹಿಂದೆ ತಿರುಗಿ ನೋಡಿದ್ದೇ ಇಲ್ಲ. ಅರ್ಧವಾರ್ಷಿಕದಲ್ಲಿ ಮರ್ಯಾದೆಯಿಂದ ಪಾಸಾದಳು, ಪ್ರೀಫೈನಲಿನಲ್ಲಿ ಇನ್ನೂ ಮೇಲಕ್ಕೆ ಹೋದಳು. ಆ ಸಂಜೆಗಳು ನನ್ನ ನೆನಪಿನಲ್ಲಿ ಇವತ್ತಿಗೂ ಬೆಚ್ಚಗಿವೆ. ಕೆಳಗೆ ಅಪ್ಪಾರಾವುಗಾರ ರೇಡಿಯೋದಲ್ಲಿ ತೆಲುಗು ವಾರ್ತೆ, ಸಮುದ್ರದ ಕಡೆಯಿಂದ ಬರುವ ಉಪ್ಪು ಗಾಳಿ, ಮೇಜಿನ ಆಚೆ ಈಚೆ ಅಪ್ಪ ಮಗಳು, ನಡುವೆ ಒಂದು ತಟ್ಟೆ ಹುರಿದ ಕಡಲೆಕಾಯಿ. ನಾನು ತಪ್ಪು ಮಾಡಿದರೆ ಅವಳು ತಿದ್ದುತ್ತಿದ್ದಳು. ಬರಬರುತ್ತ ನಾನು ಹೆಚ್ಚು ಹೆಚ್ಚು ತಪ್ಪು ಮಾಡತೊಡಗಿದೆ. ಅದರಲ್ಲಿ ಬೇಕೆಂದು ಮಾಡಿದ್ದೂ ಕೆಲವು ಇದ್ದವು.

ಪಬ್ಲಿಕ್ ಪರೀಕ್ಷೆಗೆ ಇನ್ನು ಕೆಲವೇ ದಿನ ಇರುವಾಗ ನಿಜವಾದದ್ದು ಬಂತು. ಹಿಂದಿನ ವರ್ಷ ನಾನು ಹಾಕಿದ್ದ ಅರ್ಜಿ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿತ್ತೋ, ಎದ್ದು ಆದೇಶವಾಗಿ ಬಂದಿತು. ಹಾಸನವೇ. ಮುಖ್ಯ ರಸ್ತೆಯ ಶಾಖೆಯೇ. ದೇಶಪಾಂಡೆಯವರಿಗೆ ವರ್ಗ ಬಂತು ಎಂದರೆ ಅವರು ಕನ್ನಡಕದ ಮೇಲಿನಿಂದ ನೋಡಿ, ಪುಸ್ತಕದ್ದೇನ್ರಿ ಸರ, ಖರೇದ್ದೇನ್ರಿ ಎಂದರು. ಮನೆಗೆ ಬಂದು ಚಪ್ಪಲಿ ಬಿಡುತ್ತ, ವರ್ಗ ಬಂತು ಎಂದೆ. ಸುಮಾ ಪುಸ್ತಕದಿಂದ ತಲೆ ಎತ್ತದೆ, ಎಲ್ಲಾನೂ ಎಡಗಡೆಗೆ ಹಾಕಿ ಅಪ್ಪ, ಆಮೇಲೆ ಒಡೆಯೋಣ ಎಂದಳು. ನಾನು ಕಾಗದವನ್ನು ಮೇಜಿನ ಮೇಲೆ ಇಟ್ಟೆ. ಆಗ ತಲೆ ಎತ್ತಿದಳು. ಈ ಸಲ ಅವಳು ಅಳಲಿಲ್ಲ. ಪುಸ್ತಕ ಮುಚ್ಚಿ ಒಳಗೆ ಹೋದಳು.

ನನಗೆ ಹಾಸನ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಆ ಸಂಜೆ ಆದೇಶದ ಕಾಗದವನ್ನು ಕೈಯಲ್ಲಿ ಹಿಡಿದು ನಮ್ಮ ಹಳೆಯ ಬೀದಿಯಲ್ಲಿ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದೆ. ಜಯಳಿಗೂ ಬೇಕಾಗಿತ್ತು. ಅವಳ ಅಣ್ಣ, ಅವಳ ನೆಂಟರು, ಅವಳ ಭಾಷೆ. ಅವಳು ಕುದಿಯುವ ಸಾರಿನಲ್ಲಿ ಸೌಟು ಆಡಿಸುತ್ತ, ಬೆನ್ನು ತಿರುಗಿಸಿಕೊಂಡೇ, "ಮಾತು ಕೊಟ್ಟಿದ್ದೀರಿ" ಎಂದಳು. ಮರುದಿನ ನಾನು ಮಗಳ ವಿದ್ಯಾಭ್ಯಾಸದ ಕಾರಣ ಹೇಳಿ ವರ್ಗ ಬೇಡವೆಂದು ಬರೆದುಕೊಟ್ಟೆ. ಬೇಡವೆಂದವರ ಸರದಿ ಸಾಲಿನ ಕೊನೆಗೆ ಹೋಗುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲ, ಇನ್ನೊಮ್ಮೆ ಯೋಚನೆ ಮಾಡಿ ಎಂದರು ಮ್ಯಾನೇಜರು. ನಾನು ದೊಡ್ಡ ತ್ಯಾಗಿಯ ಮುಖ ಮಾಡಿಕೊಂಡು, ಹುಡುಗಿಗೆ ಲೆಕ್ಕದ ಕಡೆ ಒಲವು ಬಂದಿದೆ ಸಾರ್, ಮುಂದೆ ಕಾಲೇಜಿನಲ್ಲಿ ಲೆಕ್ಕದ ಎಂಪಿಸಿ ತೆಗೆದುಕೊಂಡು ಎಂಜಿನಿಯರೇ ಆಗಬಹುದು, ನಡುವೆ ಕಿತ್ತುಹಾಕಬಾರದು ಎಂದೆ. ಆ ಮುಖವನ್ನು ಬೇಸಿಗೆ ಮುಗಿಯುವವರೆಗೂ ಇಟ್ಟುಕೊಂಡಿದ್ದೆ. ಊರಿಗೆ ಬರೆದ ಕಾಗದಗಳಲ್ಲೂ ಅದೇ ಮುಖವಿತ್ತು ಎಂದು ಜಯಳ ಅಣ್ಣ ಆಮೇಲೆ ಹೇಳಿದರು.

ಫಲಿತಾಂಶ ಬಂದ ದಿನ ಅಪ್ಪಾರಾವುಗಾರು ಬೆಳಿಗ್ಗೆಯೇ ತೆಲುಗು ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸುಮಾ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ಅಂಕಪಟ್ಟಿ ಕೈಗೆ ಬಂದಮೇಲೆ ನೋಡಿದರೆ ಲೆಕ್ಕದಲ್ಲೇ ಎಲ್ಲಕ್ಕಿಂತ ಹೆಚ್ಚು. ಪದ್ಮಕ್ಕ ಸಕ್ಕರೆ ಹಂಚಿದರು. ನಾನು ಕಾಲೇಜಿನ ಅರ್ಜಿ ತಂದು, ಪೆನ್ನಿನ ಮುಚ್ಚಳ ತೆಗೆದು, ಎಂಪಿಸಿ ಎಂದು ಬರೆಯಲು ಹೊರಟೆ. ಸುಮಾ ನನ್ನ ಕೈ ಹಿಡಿದು, ಬೈಪಿಸಿ ಎಂದಳು. ಬೈಪಿಸಿ ಎಂದರೆ ಜೀವಶಾಸ್ತ್ರ. ಅದರಲ್ಲಿ ಲೆಕ್ಕ ಎಂಬುದು ಇಲ್ಲವೇ ಇಲ್ಲ, ಹುಡುಕಿದರೂ ಸಿಗುವುದಿಲ್ಲ. ಅನುರಾಧ ಅದನ್ನೇ ತೆಗೆದುಕೊಳ್ಳುತ್ತಿದ್ದಳಂತೆ, ಇಬ್ಬರಿಗೂ ಕಪ್ಪೆ ಕೊಯ್ಯುವುದು ಇಷ್ಟವಂತೆ. ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತಿತು. ಲೆಕ್ಕದಲ್ಲಿ ಇಷ್ಟು ಅಂಕ ತೆಗೆದವಳು ಲೆಕ್ಕವನ್ನೇ ಬಿಡುತ್ತೀಯಲ್ಲ, ಹಾಗಾದರೆ ಅಷ್ಟು ಕಷ್ಟಪಟ್ಟು ಯಾಕೆ ಕಲಿತೆ ಎಂದು ಕೇಳಿದೆ.

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ಇಲ್ಲೇ ಇರೋಕೆ ಅಪ್ಪ" ಎಂದಳು. "ಇದ್ದೀವಲ್ಲ."

ಅಷ್ಟು ಹೇಳಿ, ಗೇಟಿನ ಬಳಿ ಪದ ಎಂದು ಕೂಗಿದ ಗೆಳತಿಯ ಜೊತೆ ಹೊರಟುಹೋದಳು. ನಾನು ಅರ್ಜಿಯಲ್ಲಿ ಬೈಪಿಸಿ ಎಂದು ಬರೆದೆ. ಸಂಜೆ ಆರಕ್ಕೆ ಕಾಲು ತಾನಾಗಿಯೇ ಊಟದ ಮೇಜಿನ ಕಡೆ ಹೋಯಿತು. ಕುಳಿತೆ. ಕಡಲೆಕಾಯಿ ಬರಲಿಲ್ಲ, ಹುಡುಗಿಯೂ ಬರಲಿಲ್ಲ. ಜಯ ಬಂದು ನೋಡಿ, ಸುಮ್ಮನೆ ಯಾಕೆ ಕೂತಿದ್ದೀರಿ ಎಂದು ಒಂದು ಬುಟ್ಟಿ ಹುರುಳಿಕಾಯಿ ಮುಂದಿಟ್ಟು ಹೋದಳು. ವರ್ಗ ಸಮೀಕರಣವನ್ನು ಆಗ ನಮ್ಮ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ನಾನು ಒಂದೊಂದೇ ಕಾಯಿ ಎತ್ತಿಕೊಂಡು, ಮಧ್ಯಕ್ಕೆ ಸರಿಯಾಗಿ ಎರಡು ಮಾಡುತ್ತ ಕುಳಿತೆ.